ಕನ್ನಡ ಮಾಸ್ತರನ ಬಾಯಿಗೆ ಬಾರದ ಶಬ್ದ

ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವನು ಕನ್ನಡದ ಯಾವ ಶಬ್ದಕ್ಕೂ ಅಂಜಬಾರದು. ಹಳಗನ್ನಡದ ಪದ್ಯಗಳನ್ನು ನಾನು ನೀರು ಕುಡಿದಷ್ಟು ಸಲೀಸಾಗಿ ಓದುತ್ತೇನೆ. ಹುನಗುಂದದ ಭಾಷಣ ಸ್ಪರ್ಧೆಯೊಂದರಲ್ಲಿ ನನಗೆ ಬಂದ ಸ್ಟೀಲಿನ ಡಬ್ಬಿಯಲ್ಲಿ ಈಗಲೂ ನಮ್ಮ ಮನೆಯ ಸಕ್ಕರೆ ಇದೆ. ಅಂಥ ನನ್ನನ್ನು ನಾಲ್ಕೇ ಅಕ್ಷರದ ಒಂದು ಶಬ್ದ ಊರೆದುರು ಮೂಕನನ್ನಾಗಿ ಮಾಡಿತು. ಆ ಶಬ್ದ ಗರ್ಭಕಂಠ.

ನಮ್ಮದು ಅಮೀನಗಡದ ಹತ್ತಿರದ ಹಳ್ಳಿಯ ಪ್ರೌಢಶಾಲೆ. ಒಂಬತ್ತನೇ ತರಗತಿಯ ಹೆಣ್ಣುಮಕ್ಕಳಿಗೆ ಸರ್ಕಾರದಿಂದ ಪುಕ್ಕಟೆ ಲಸಿಕೆ ಬರುವುದೆಂದೂ, ಅದು ಗರ್ಭಕಂಠದ ಕ್ಯಾನ್ಸರನ್ನು ತಡೆಯುವುದೆಂದೂ, ಪಾಲಕರ ಒಪ್ಪಿಗೆ ಪತ್ರ ಬೇಕೆಂದೂ ಸುದ್ದಿ ಬಂತು. "ನಿಮ್ಮ ಮಾತು ಛಲೋ ಅದಾವ್ರಿ ಸರ್, ಪಾಲಕರ ಸಭೆಯೊಳಗ ನೀವ ಹೇಳ್ರಿ" ಎಂದರು ಮುಖ್ಯೋಪಾಧ್ಯಾಯಿನಿ. ಹೊಗಳಿಕೆಗೆ ನಾನು ಯಾವತ್ತೂ ಇಲ್ಲ ಎಂದವನಲ್ಲ.

ಸಭೆಯ ದಿನ ಮುಂದಿನ ಸಾಲಿನಲ್ಲಿ ತಲೆಗೆ ಪಟಗ ಸುತ್ತಿದ ಹಿರಿಯರು, ಹಿಂದೆ ಸೆರಗು ಹೊದ್ದ ತಾಯಂದಿರು. ನಾನು ಗಂಟಲು ಸರಿಮಾಡಿಕೊಂಡು, "ಸ್ತ್ರೀಯರ ಒಂದು ವಿಶಿಷ್ಟ ಅಂಗಕ್ಕೆ ಮುಂದೆ ಬರಬಹುದಾದ ಬೇನೆಗೆ..." ಎಂದು ಶುರುಮಾಡಿದೆ.

"ಯಾವ ಅಂಗರಿ ಸರ್?" ಎಂದ ಒಬ್ಬ.

"ಅದು... ಒಳಗಿನದು."

"ಒಳಗಿನವು ಭಾಳ ಅದಾವಲ್ರಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಬ್ಬ ಹಿರಿಯರು ಎದ್ದು, "ಹೇಳಾಕ ನಾಚೂವಂಥ ಸೂಜಿ ನಮ್ಮ ಹುಡುಗ್ಯಾರಿಗೆ ಯಾಕ್ರಿ?" ಎಂದು ಹೊರಟೇಬಿಟ್ಟರು. ಅವರ ಹಿಂದೆ ಸಭೆಯೂ ಹೊರಟಿತು. ಮೂವತ್ತೊಂದು ಹುಡುಗಿಯರಲ್ಲಿ ಇಬ್ಬರ ಪತ್ರಕ್ಕೆ ಮಾತ್ರ ಸಹಿ ಬಿತ್ತು. ಒಬ್ಬಳು ನಮ್ಮ ಗುಮಾಸ್ತರ ಮಗಳು. ಇನ್ನೊಬ್ಬಳ ಅಪ್ಪ ಅದನ್ನು ವಿದ್ಯಾರ್ಥಿವೇತನದ ಅರ್ಜಿ ಎಂದು ತಿಳಿದಿದ್ದ.

ಶಾಲೆಯ ಅಡುಗೆಮನೆಯ ಕಟ್ಟೆಯ ಮೇಲೆ ಮುಖ ಇಳಿಬಿಟ್ಟು ಕುಳಿತೆ. ಬಿಸಿಯೂಟದ ಗಂಗವ್ವ ಅಕ್ಕಿ ಆರಿಸುತ್ತಲೇ ಮಾತು ತೆಗೆದಳು. "ನಮ್ಮ ಅಕ್ಕಗ ಆಗಿದ್ದು ಇದ ಬ್ಯಾನಿರಿ ಸರ್. ಕೂಸಿನ ಚೀಲದ ಬಾಯಿಗೆ. ಎರಡು ವರ್ಷ ರಕ್ತ ಹೋದ್ರೂ ಯಾರಿಗೂ ಹೇಳಲಿಲ್ಲ. ಬಾಗಲಕೋಟಿ ದವಾಖಾನಿಗೆ ಒಯ್ಯೂದ್ರಾಗ ಭಾಳ ತಡಾ ಆಗಿತ್ತು. ಅಕಿ ಸಾಯೂತನಕ ನಾವು ಹೊಟ್ಟಿಬ್ಯಾನಿ ಅಂತನ ಹೇಳಿದ್ವಿ." ಮೊರವನ್ನು ಕೆಳಗಿಟ್ಟು ನನ್ನನ್ನು ನೋಡಿದಳು. "ನಾವು ಕಲೀದವ್ರು. ನೀವು ಕಲತವ್ರಿಗೂ ಬಾಯಿ ಬರಲಿಲ್ಲಲ್ರಿ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ಏನಾದರೂ ಸಮಜಾಯಿಷಿ ಕೊಡುತ್ತಿದ್ದೆ.

ಅಂದು ಸಂಜೆ ಬೈಕಿನಲ್ಲಿ ಮನೆಗೆ ಹೋಗುವಾಗ ಆ ಶಬ್ದವನ್ನು ಹತ್ತು ಸಲ ಜೋರಾಗಿ ಕೂಗಿದೆ. ಹೊಲದ ಬದುವಿನಲ್ಲಿ ಕುರಿ ಮೇಯಿಸುತ್ತಿದ್ದ ಬೀರಪ್ಪ, "ನನ್ನ ಕರದ್ರೇನ್ರಿ ಸರ್?" ಎಂದ. ಅವನ ಮಗಳೂ ನಮ್ಮ ಒಂಬತ್ತನೇ ತರಗತಿಯವಳೇ. ಗಾಡಿ ನಿಲ್ಲಿಸಿ ಅವನಿಗೇ ಮೊದಲ ಪಾಠ ಹೇಳಿದೆ. ಎಲ್ಲಿ ಬರುವ ಬೇನೆ, ಯಾವ ವೈರಸ್ಸಿನಿಂದ ಬರುತ್ತದೆ, ಚಿಕ್ಕ ವಯಸ್ಸಿನಲ್ಲೇ ಸೂಜಿ ಏಕೆ, ಎಲ್ಲವನ್ನೂ ಹೆಸರಿಟ್ಟು ಹೇಳಿದೆ.

"ಮುಂದ ಮಕ್ಕಳಾಗೂದಿಲ್ಲ ಅಂತಾರಲ್ರಿ?"

"ಅದು ಸುಳ್ಳು. ಕೂಸಿನ ಚೀಲ ಉಳೀಲಿ ಅಂತನ ಈ ಸೂಜಿ."

ಬೀರಪ್ಪ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನನ್ನ ಪೆನ್ನಿಗೆ ಕೈ ಚಾಚಿದ. "ಇದನ್ನ ಸಭೆಯೊಳಗ ಹೇಳಿದ್ರ ಅಲ್ಲೇ ಸಹಿ ಮಾಡತಿದ್ನಿ" ಎಂದು, ನಾನು ಚೀಲದಿಂದ ತೆಗೆದ ಪತ್ರವನ್ನು ಬೈಕಿನ ಸೀಟಿನ ಮೇಲಿಟ್ಟು ಹೆಸರು ಬರೆದ.

ಮರುದಿನದಿಂದ ಗಂಗವ್ವ ಮುಂದೆ, ನಾನು ಹಿಂದೆ. ಓಣಿ ಓಣಿ ತಿರುಗಿದೆವು. ಅವಳು ಅಕ್ಕನ ಕತೆ ಹೇಳುವಳು, ನಾನು ಉಳಿದದ್ದು. ಹೆಣ್ಣುಮಕ್ಕಳಿಗೆ ಸೂಜಿ, ಮೂವತ್ತು ದಾಟಿದ ತಾಯಂದಿರಿಗೆ ತಪಾಸಣೆ, ಎರಡನ್ನೂ ಹೇಳಿದೆವು. ಸಭೆಯಿಂದ ಎದ್ದುಹೋದ ಹಿರಿಯರ ಮನೆಗೆ ನಾಲ್ಕು ಸಲ ಹೋದೆ. ನಾಲ್ಕನೆಯ ಸಲ ಅವರು, "ಈ ಮಾಸ್ತರ ಬಿಡಾಂವ ಅಲ್ಲ" ಎಂದು ಮೊಮ್ಮಗಳ ಪತ್ರಕ್ಕೆ ಸಹಿ ಹಾಕಿದರು. ಲಸಿಕೆಯ ದಿನ ಇಪ್ಪತ್ತೊಂಬತ್ತು ಹುಡುಗಿಯರು ತೋಳು ಒಡ್ಡಿದರು. ಉಳಿದ ಇಬ್ಬರ ಮನೆ ನನಗೆ ಗೊತ್ತಿದೆ. ಇನ್ನೂ ಹೋಗುತ್ತಿದ್ದೇನೆ.

ಲಸಿಕೆಯ ದಿನ ಸಂಜೆ ಮನೆಗೆ ಬಂದು ಹೆಂಡತಿ ಶೈಲಾಳ ಮುಂದೆ ನನ್ನ ಸಾಹಸವನ್ನೆಲ್ಲ ಹೇಳಿಕೊಂಡೆ. ಪೂರ್ತಿ ಕೇಳಿ ಅವಳು ಅಂದಳು: "ಮೂವತ್ತು ದಾಟಿದವ್ರು ತೋರಿಸ್ಕೋಬೇಕು ಅಂತ ಊರಿಗೆಲ್ಲಾ ಹೇಳೀರಂತಲ್ಲ. ನನಗ ನಲವತ್ತೆರಡಾತು. ಈ ಮನಿ ನಿಮ್ಮ ಓಣ್ಯಾಗ ಬರೂದಿಲ್ಲೇನು?"

ಮರುದಿನವೇ ರಜೆ ಹಾಕಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ. ಚೀಟಿ ಬರೆಯುವ ಹುಡುಗಿ ತಲೆ ಎತ್ತದೆ, "ಏನ್ ತ್ರಾಸರಿ?" ಎಂದಳು. ಹಿಂದೆ ದೊಡ್ಡ ಸಾಲು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಶೈಲಾ ಮುಂದೆ ಬಂದಳು.

"ತ್ರಾಸ ಇವರಿಗೈತ್ರಿ, ನಾಚಿಕಿದು. ನನಗೇನೂ ಇಲ್ಲ. ನಾ ಗರ್ಭಕಂಠದ ತಪಾಸಣಿಗೆ ಬಂದೇನಿ."