ಚಿಕ್ಕಮ್ಮನ ತಪ್ಪು ಮಾತುಗಳು

ನನ್ನ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಸಂಬಳ ಪಡೆದು ತಪ್ಪು ಮಾತಾಡುತ್ತಿದ್ದ ಹೆಂಗಸು. ನಂಬುವುದಿಲ್ಲವೇ? ಓದಿದ್ದು ಸಮಾಜಶಾಸ್ತ್ರ, ಕೆಲಸ ಮಣಿಪಾಲದ ಪ್ರೊಫೆಸರೊಬ್ಬರ ಕೈಕೆಳಗೆ, ಊರೂರು ತಿರುಗಿ ಸಮೀಕ್ಷೆ ಮಾಡುವುದು.

ತೊಂಬತ್ತರ ದಶಕದ ಕೊನೆಗೆ ಅವಳನ್ನು ನಂದಿಕೂರಿಗೆ ಕಳುಹಿಸಿದರು. ವಿದ್ಯುತ್ ಸ್ಥಾವರ ಬರುತ್ತದಂತೆ, ಇಲ್ಲವಂತೆ, ಜಾಗ ಹೋಗುತ್ತದಂತೆ, ಉಳಿಯುತ್ತದಂತೆ ಎಂದು ಜನ ಕಂಗಾಲಾಗಿದ್ದ ಕಾಲ. ಪ್ರಶ್ನಾವಳಿ ಹಿಡಿದು ಬಂದವರೆಲ್ಲ ಅವರ ಪಾಲಿಗೆ ಜಾಗ ಅಳೆಯುವವರೇ! ಚಿಕ್ಕಮ್ಮನನ್ನು ಕಂಡರೆ ಬಾಗಿಲು ಮುಚ್ಚುತ್ತಿತ್ತು, ನಾಯಿ ಮಾತ್ರ ಹೊರಗೆ ಬರುತ್ತಿತ್ತು.

ಒಂದು ದಿನ ಸುಸ್ತಾಗಿ, ಮುಚ್ಚಿದ ಬಾಗಿಲಿನ ಮುಂದೆ ನಿಂತು, ಅಂಗಳದ ಬಾವಿಯತ್ತ ನೋಡಿ, "ಪಾಪ, ಈ ಬಾವಿಯಲ್ಲಿ ನೀರೇ ಇಲ್ಲ" ಎಂದಳಂತೆ. ಬಾಗಿಲು ದಡಾರನೆ ತೆರೆಯಿತು, ಮನೆಯೊಡತಿ ಹೊರಗೆ ಬಂದಳು.

"ಯಾರು ಹೇಳಿದ್ದು ನಿಮಗೆ? ಮೇ ತಿಂಗಳಲ್ಲೂ ನೀರುಂಟು ಇದರಲ್ಲಿ."

ಬಾವಿಯಿಂದ ಶುರುವಾದ ಮಾತು ಗದ್ದೆಗೆ ಇಳಿದು, ಮುಂಬೈಯ ಮಗನನ್ನು ಮುಟ್ಟಿ, "ಈ ಜಾಗ ಹೋದರೆ ನಾವು ಎಲ್ಲಿಗೆ ಹೋಗುವುದು?" ಎಂಬಲ್ಲಿ ನಿಂತಿತು. ಆಗ ಚಿಕ್ಕಮ್ಮ ತಾನು ಯಾರೆಂದು ಹೇಳಿ, "ಬರೆದುಕೊಳ್ಳಲಾ?" ಎಂದು ಕೇಳಿದಳು. ಅಷ್ಟರಲ್ಲಿ ಚಹಾ ಬಂದಿತ್ತು.

"ಕೇಳಿದರೆ ಯಾರೂ ಹೇಳುವುದಿಲ್ಲ ಮಾರಾಯ. ತಪ್ಪು ಹೇಳಿದರೆ ತಿದ್ದದೆ ಇರಲಿಕ್ಕೆ ಯಾರಿಗೂ ಆಗುವುದಿಲ್ಲ" ಎಂಬುದು ಅಂದಿನಿಂದ ಅವಳ ಸಿದ್ಧಾಂತ.

"ಇದು ಎಂತ ವಿಧಾನ?" ಎಂದು ಪ್ರೊಫೆಸರರು ಗದರಿದರೆ, "ಹಳೆ ಪುಸ್ತಕ ಓದಿದವರಿಗೆ ಗೊತ್ತಿರಲಿಕ್ಕಿಲ್ಲ ಸರ್" ಎಂದಳು. ಅವರು ಊಟ ಬಿಟ್ಟು ಪಾಠ ಮಾಡಿದರು. ಆ ಪಾಠದಿಂದಲೇ ತನ್ನ ವಿಧಾನಕ್ಕೊಂದು ಘನವಾದ ಹೆಸರು ಹೆಕ್ಕಿಕೊಂಡು ಬಂದಳು! ಬಸ್ಸಿನಲ್ಲೂ ಇದೇ ಚಾಳಿ. "ಇದು ಕಾರ್ಕಳಕ್ಕೆ ಹೋಗುವುದಿಲ್ಲ ಅಲ್ವಾ?" ಎಂದರೆ ಸಾಕು, ಕಂಡಕ್ಟರು ನಿಟ್ಟೆಯ ಕಾಲೇಜು ಹುಡುಗರ ರಗಳೆಯಿಂದ ಹಿಡಿದು ತನಗಿನ್ನೂ ಹೆಣ್ಣು ಸಿಗದ ಕಥೆಯವರೆಗೆ ಒಪ್ಪಿಸುತ್ತಿದ್ದ.

ಕೆಲವು ವರ್ಷಗಳ ನಂತರ ನನ್ನ ಅಪ್ಪ ತೀರಿಕೊಂಡರು. ಕಾಪುವಿನ ನಮ್ಮ ಮನೆಯಲ್ಲಿ ಅಮ್ಮ ಅಳಲೂ ಇಲ್ಲ, ಉಣ್ಣಲೂ ಇಲ್ಲ, ಮಾತೇ ನಿಂತುಹೋಯಿತು. ಬಂದವರೆಲ್ಲ ಕೇಳಿ ಕೇಳಿ ಸೋತರು. ಇವಳು ಹೀಗೇ ಉಳಿದುಬಿಟ್ಟರೆ ಎಂದು ನನಗೆ ನಿಜಕ್ಕೂ ಭಯವಾಗಿತ್ತು. ಚಿಕ್ಕಮ್ಮ ಬಂದಳು. ಏನೂ ಕೇಳಲಿಲ್ಲ. ಪಕ್ಕದಲ್ಲಿ ಕುಳಿತು, "ಎಂತದೇ ಹೇಳು ಅಕ್ಕ, ಭಾವನಿಗೆ ಮೀನು ಆರಿಸಲಿಕ್ಕೆ ಬರುತ್ತಿರಲಿಲ್ಲ" ಎಂದಳು.

ಅಮ್ಮ ತಲೆಯೆತ್ತಿದಳು. "ನಿನಗೆಂತ ಗೊತ್ತುಂಟು? ಕಿವಿರು ಎತ್ತಿ ತಾಜಾ ಉಂಟಾ ಎಂದು ನೋಡದೆ ಒಂದು ಬಂಗುಡೆ ತಂದವರಲ್ಲ ಅವರು..."

ಅಪ್ಪನ ಬಗ್ಗೆ ಹೇಳುತ್ತಾ ಹೇಳುತ್ತಾ ಅಮ್ಮ ಅತ್ತಳು. ಆಮೇಲೆ ಗಂಜಿ ಉಂಡಳು.

ಚಿಕ್ಕಮ್ಮನನ್ನು ಬಸ್ಸಿಗೆ ಬಿಡಲು ನಾನು ಹೋದೆ. ಅವಳ ಕಣ್ಣು ಕೆಂಪಾಗಿತ್ತು. ರಸ್ತೆ ನೋಡುತ್ತಾ, "ನನಗೆ ಭಾವನ ನೆನಪು ಅಷ್ಟೇನೂ ಬರುವುದಿಲ್ಲ" ಎಂದಳು.

ನಾನು ತಿದ್ದಲಿಲ್ಲ. ಬಸ್ಸು ಬರುವವರೆಗೆ ಅವಳ ಕೈ ಹಿಡಿದುಕೊಂಡು ನಿಂತೆ.