ಸ್ಪೋರ್ಟ್ಸ್ ಅಂದರೆ ಮಾಸ್ತರ ಖಾತೆ

ಹಳೆಯ ಸಾಮಾನು ಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ಮಾರುವವರ ಮೇಲೂ ಇಲ್ಲ. ಅವರ ಹೊಟ್ಟೆಪಾಡು ಅವರದು. ನನ್ನ ಸಿಟ್ಟೆಲ್ಲ ಇವರಿಬ್ಬರ ನಡುವೆ ಕೈ ಬೆನ್ನಿಗೆ ಕಟ್ಟಿಕೊಂಡು, ಹುಬ್ಬು ಗಂಟು ಹಾಕಿಕೊಂಡು ನಿಲ್ಲುವ ಮೂರನೆಯ ಮನುಷ್ಯನ ಮೇಲೆ. ನಮ್ಮ ಕಡೆ ಇವನಿಗೆ 'ತಿಳಿದವರು' ಎನ್ನುತ್ತಾರೆ. ಎಮ್ಮೆ ಕೊಳ್ಳಲಿ, ಹೊಲಿಗೆ ಯಂತ್ರ ಕೊಳ್ಳಲಿ, ಮಗನಿಗೆ ಹೆಣ್ಣು ನೋಡಲಿ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನುಷ್ಯ ಒಬ್ಬನೇ ಹೋಗುವುದಿಲ್ಲ. ಜೊತೆಗೊಬ್ಬ ತಿಳಿದವನು ಬೇಕೇ ಬೇಕು. ಈ ಮಹಾಶಯನ ಕೆಲಸ ಐಬು ತೆಗೆಯುವುದು. ದೋಷ, ಕುಂದು, ಕೊರತೆ ಎಂಬ ಒಳ್ಳೊಳ್ಳೆಯ ಶಬ್ದಗಳು ಪುಸ್ತಕದಲ್ಲಿ ಇದ್ದರೂ ನಮ್ಮ ನಾಲಗೆಗೆ ಐಬೇ ರುಚಿ. ಮಾಲು ಎಷ್ಟೇ ಚೆನ್ನಾಗಿರಲಿ, ತಿಳಿದವನು ಐಬು ತೆಗೆಯಲೇಬೇಕು. ತೆಗೆಯದಿದ್ದರೆ ಮಾರುವವನ ಕೈಯಿಂದ ದುಡ್ಡು ತಿಂದಿದ್ದಾನೆ ಎನ್ನುತ್ತಾರೆ. ತೀರ ದೊಡ್ಡ ಐಬು ತೆಗೆದರೆ ಕೊಳ್ಳುವವನ ಮನಸ್ಸು ಮುರಿದು ಚಹಾ ಕೂಡ ಸಿಗುವುದಿಲ್ಲ. ಆದ್ದರಿಂದ ಇವರು ಸಣ್ಣ ಐಬನ್ನು ದೊಡ್ಡ ದನಿಯಲ್ಲಿ ಹೇಳುತ್ತಾರೆ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ನಾನೇ ಹಾಗೆ ನಿಲ್ಲಬೇಕಾಯಿತು. ಅದೂ ಎಮ್ಮೆಯ ಮುಂದಲ್ಲ, ಸ್ಪೋರ್ಟ್ಸ್ ಕಾರಿನ ಮುಂದೆ.

ಎಂಬತ್ತರ ದಶಕದ ಮಾತು. ಅಫಜಲಪುರದಲ್ಲಿ ಮನೆ ಮಾಡಿಕೊಂಡು ಮಣ್ಣೂರ ದಿಕ್ಕಿನ ಒಂದು ಹಳ್ಳಿಯ ಹೈಸ್ಕೂಲಿಗೆ ದಿನಾ ಸೈಕಲ್ ತುಳಿಯುತ್ತಿದ್ದೆ. ಕಾಗದದಲ್ಲಿ ನನ್ನ ಹುದ್ದೆ ದೈಹಿಕ ಶಿಕ್ಷಣ ಶಿಕ್ಷಕ. ಊರ ಬಾಯಲ್ಲಿ ಡ್ರಿಲ್ ಮಾಸ್ತರ. ಹೆಡ್‌ಮಾಸ್ತರರ ಮನಸ್ಸಿನಲ್ಲಿ, ಜವಾನ ಬರದ ದಿನ ಗಂಟೆ ಹೊಡೆಯಬೇಕಾದವನು. ಶಾಲೆಗೆ ಆಟದ ಬಯಲಿರಲಿಲ್ಲ. ಡ್ರಿಲ್ ನಡೆಯುತ್ತಿದ್ದದ್ದು ಮುಂದಿನ ರಸ್ತೆಯ ಮೇಲೆ. ನಾನು 'ಸಾವಧಾನ್' ಎನ್ನುವ ಹೊತ್ತಿಗೆ ಸರಿಯಾಗಿ ಬಸ್ಸು ವಾಲಾಡುತ್ತ ಬರುತ್ತಿತ್ತು. ಅದು ಹೋದ ಮೇಲೆ ಮತ್ತೆ ಸಾಲು ಕಟ್ಟಿಸಿದರೆ ಆಡಿನ ಹಿಂಡು. ಆಡು ಹೋಗುವಷ್ಟರಲ್ಲಿ ಪೀರಿಯಡ್ಡು ಮುಗಿದಿರುತ್ತಿತ್ತು. ಕಬಡ್ಡಿ ಆಡಿಸಿದರೆ ಮೊಣಕಾಲಿನ ಚರ್ಮ ರಸ್ತೆಗೆ, ರಸ್ತೆಯ ಕಂಕರು ಮೊಣಕಾಲಿಗೆ. ಹುಡುಗರ ತಾಯಂದಿರು ಶಾಲೆಗೆ ಬಂದು ಬೈದು ಹೋಗುತ್ತಿದ್ದದ್ದು ಗಣಿತದ ಮಾಸ್ತರನನ್ನಲ್ಲ, ನನ್ನನ್ನು.

ಶಾಲೆಯ ಪಕ್ಕದಲ್ಲೇ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರಾದ ಸಿದ್ರಾಮಪ್ಪ ಸಾಹುಕಾರರ ಬೀಳು ಜಾಗವಿತ್ತು. ಬಹಳ ಬೆನ್ನು ಹತ್ತಿದ ಮೇಲೆ ಅವರು, "ಕಲ್ಲು ಆರಿಸಿ ಸಾಫ್ ಮಾಡ್ಕೋರಿ ಮಾಸ್ತರ, ಆಮ್ಯಾಲ ಜಾಗ ಸಾಲಿಗೇ ಬಿಡ್ತೇನಿ" ಎಂದರು. ಚಳಿಗಾಲವಿಡೀ ನಾನೂ ಹುಡುಗರೂ ಕಲ್ಲು ಆರಿಸಿದೆವು, ಜಾಲಿ ಕಡಿದೆವು, ತಗ್ಗು ತುಂಬಿದೆವು, ನೀರು ಹೊಡೆದು ಮಟ್ಟಸ ಮಾಡಿದೆವು. ಸುಣ್ಣದ ಗೆರೆ ಎಳೆದು, ಖೋ ಖೋ ಕಂಬ ನೆಟ್ಟೆವು. ಇನ್ನು ಸಾಹುಕಾರರು ಬಾಯಿ ಬಿಟ್ಟು 'ಆಡ್ರಿ' ಎನ್ನುವುದೊಂದೇ ಬಾಕಿ. ಆ ಒಂದು ಮಾತಿಗಾಗಿ ನಾನು ಅವರ ಮನೆಯ ಕಟ್ಟೆ ಸವೆಸುತ್ತಿದ್ದೆ. ಅವರು ಮಾತ್ರ ಆ ದಿನಗಳಲ್ಲಿ ಬೇರೆಯೇ ಚಿಂತೆಯಲ್ಲಿದ್ದರು. ಭೂಸನೂರಿನ ಅವರ ಬೀಗರು, ಅಂದರೆ ಮಗಳ ಮಾವ, ಕಬ್ಬಿನ ಕುಳ, ಹೊಸ ಕಾರು ತೆಗೆದುಕೊಂಡು ಅದರಲ್ಲೇ ಬಂದು, ಅಂಗಳದಲ್ಲಿ ಹಾರ್ನ್ ಬಾರಿಸಿ, ಊಟ ಮಾಡಿ, ಮತ್ತೆ ಹಾರ್ನ್ ಬಾರಿಸಿ ಹೋಗಿದ್ದರು. ಅಂದಿನಿಂದ ನಮ್ಮವರಿಗೆ ಅನ್ನ ಸೇರುತ್ತಿರಲಿಲ್ಲ. ಬೀಗರಂಥದೇ ಕಾರು ತಂದರೆ ಬೀಗರನ್ನು ನೋಡಿ ತಂದಂತಾಗುತ್ತದೆ. ಬೀಗರು ಕಂಡೇ ಇರದ ಕಾರು ಬೇಕು.

ಒಂದು ಸಂಜೆ ಹೇಳಿಕಳಿಸಿದರು. ಬಯಲಿನ ಮಾತೇ ಇರಬೇಕೆಂದು ಓಡಿದೆ. ಹೆಡ್‌ಮಾಸ್ತರರು ಆಗಲೇ ಅಲ್ಲಿ ಕೂತು ಮಂಡಕ್ಕಿ ಒಗ್ಗರಣೆಯ ಸೂಸಲಾ ತಿನ್ನುತ್ತಿದ್ದರು.

"ಮಾಸ್ತರ, ನಾಳಿ ಜೇವರ್ಗಿಗಿ ಹೋಗೂದದ. ಒಂದು ಗಾಡಿ ನೋಡಬೇಕು. ನೀವೂ ಬರ್ರಿ" ಎಂದರು ಸಾಹುಕಾರರು.

"ನನಗ ಗಾಡಿ ಏನ್ ತಿಳೀತದ್ರಿ? ನಿಮ್ಮ ಜೀಪಿನ ಡ್ರೈವರಗ ಕರಕೊಂಡು ಹೋಗ್ರಿ."

"ಅವಗ ಜೀಪ ತಿಳೀತದ. ಇದು ಜೀಪ ಅಲ್ರಿ, ಸ್ಪೋರ್ಟ್ಸ್ ಕಾರ! ಸ್ಪೋರ್ಟ್ಸ್ ಅಂದ್ರ ನಿಮ್ಮ ಖಾತೆ ಹೌದಲ್ಲೋ?"

ನಾನು ಹೆಡ್‌ಮಾಸ್ತರರ ಮುಖ ನೋಡಿದೆ. ಬಿ.ಎ., ಬಿ.ಎಡ್. ಮಾಡಿದ ಮನುಷ್ಯ, ಇಂಗ್ಲಿಷ್ ಕಲಿಸುವವರು, ಈ ಅಜ್ಞಾನವನ್ನು ತಿದ್ದಿಯಾರು ಎಂದು ಆಸೆ. ಅವರು ಬಾಯಲ್ಲಿದ್ದ ಸೂಸಲಾ ನುಂಗಿ, "ಹೌದ್ರಿ ಸಾವುಕಾರ್ರ, ಬರಾಬರಿ. ಅವರದೇ ಖಾತೆ" ಎಂದರು. ಅಧ್ಯಕ್ಷರು ಸೂರ್ಯ ಪಡುವಣದಲ್ಲಿ ಹುಟ್ಟುತ್ತಾನೆ ಎಂದರೂ ಭೂಗೋಳದ ಮಾಸ್ತರನನ್ನು ಕರೆದು ನಕ್ಷೆ ತಿರುವಿ ಹಾಕಿಸುವ ಜಾತಿ ಇದು. ಛೀ!

ಮನೆಗೆ ಬಂದು ಹೆಂಡತಿ ನೀಲಮ್ಮನಿಗೆ ಹೇಳಿದರೆ ಅವಳು ರೊಟ್ಟಿ ಬಡಿಯುವುದನ್ನೇ ಬಿಟ್ಟು ನಕ್ಕಳು. "ಸಂಗೀತ ಮಾಸ್ತರ ಇದ್ದಿದ್ರ ಹಾರ್ನ್ ನೋಡಾಕ ಕರೀತಿದ್ರೇನ್ರಿ? ಬರಂಗಿಲ್ಲ ಅಂದ್ಬಿಡ್ರಿ."

"ಗ್ರೌಂಡು?" ಎಂದೆ.

ಅವಳ ನಗು ನಿಂತಿತು. ನನ್ನ ಅಂಗೈಯ ಬೊಬ್ಬೆಗೆ ಚಳಿಗಾಲವಿಡೀ ಎಣ್ಣೆ ಹಚ್ಚಿದವಳು ಅವಳೇ. ಮರುದಿನ ನಸುಕಿನಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿ ರೊಟ್ಟಿ ಕಟ್ಟಿಕೊಟ್ಟಳು.

ಜೇವರ್ಗಿಯಲ್ಲಿ ಕಾರು ಇದ್ದದ್ದು ಅಡತಿ ವ್ಯಾಪಾರಿಯ ಮಗ ಚೆನ್ನವೀರನ ಬಳಿ. ಅಂಗಡಿಯ ಮುಂದೆ, ತೊಗರಿ ಚೀಲಗಳ ನೆರಳಿನಾಚೆ, ಸುಡುಬಿಸಿಲಿನಲ್ಲಿ ನಿಂತಿತ್ತು. ಕೆಂಪು ಬಣ್ಣ. ಎರಡೇ ಸೀಟು. ಮೇಲೆ ಟಪ್ಪಿಲ್ಲ, ಅಂದರೆ ಚಾವಣಿಯೇ ಇಲ್ಲ. ಯಾವ ಕಂಪನಿಯದು ಎಂದು ಹೇಳುವ ತಗಡು ಎಂದೋ ಉದುರಿಹೋಗಿತ್ತು. ನೆಲಕ್ಕೆ ಎಷ್ಟು ಹತ್ತಿರ ಇತ್ತೆಂದರೆ ಅದರ ಕೆಳಗೆ ಸೇರಿದ್ದ ಕೋಳಿ ಹೊರಗೆ ಬರಲು ಒದ್ದಾಡುತ್ತಿತ್ತು. "ಹೈದರಾಬಾದಿನ ನವಾಬರ ಮನೀದ್ರಿ" ಎಂದ ಚೆನ್ನವೀರ. ನನಗೆ ಗೊತ್ತಿತ್ತು, ಇದನ್ನೇ ಹೇಳುತ್ತಾನೆ ಎಂದು. ನಮ್ಮ ಕಡೆ ಕುರ್ಚಿ, ಗಡಿಯಾರ, ಮಂಚ, ಹಿತ್ತಾಳೆಯ ಪೀಕದಾನಿ, ಯಾವ ಹಳೆಯ ಸಾಮಾನು ಕೇಳಿದರೂ ಅದು ನವಾಬರ ಮನೆಯದೇ. ನಮ್ಮ ಹೆಡ್‌ಮಾಸ್ತರರ ಮನೆಯ ಕುಂಟುವ ಸ್ಟೂಲು ಕೂಡ ನವಾಬರದೇ. ಇಷ್ಟೆಲ್ಲ ಸಾಮಾನು ತುಂಬಿಕೊಂಡು ಆ ನವಾಬರು ಮಲಗುತ್ತಿದ್ದದ್ದೆಲ್ಲಿ ಎಂದು ಯಾರೂ ಕೇಳುವುದಿಲ್ಲ. ಸಾಹುಕಾರರಂತೂ ನವಾಬ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಚಪ್ಪಲಿ ಕಳಚಿ ಕಾರಿನೊಳಗೆ ಇಳಿದರು. ಹತ್ತಲಿಲ್ಲ, ಬಾವಿಗೆ ಇಳಿದ ಹಾಗೆ ಇಳಿದರು. ಅವರ ಭಾರಕ್ಕೆ ಕಾರು ನಿಟ್ಟುಸಿರು ಬಿಟ್ಟು ಒಂದು ಕಡೆ ವಾಲಿತು. ಕೋಳಿ ಕೂಗಿಕೊಂಡು ಓಡಿತು. ಸ್ಟೀರಿಂಗಿಗೂ ಹೊಟ್ಟೆಗೂ ನಡುವೆ ಜಾಗ ಉಳಿಯಲಿಲ್ಲ. ಆದರೂ ಸಾಹುಕಾರರ ಮುಖದಲ್ಲಿ ಮದುಮಗನ ಕಳೆ. ಮನಸ್ಸು ಅಲ್ಲೇ ಬಿದ್ದುಹೋಗಿದೆ ಎಂದು ಜೇವರ್ಗಿಯ ಸಣ್ಣ ಕೂಸಿಗೂ ತಿಳಿಯುವಂತಿತ್ತು.

"ಹೂಂ ಮಾಸ್ತರ, ನೋಡ್ರಿ. ಐಬು ತೆಗೀರಿ" ಎಂದರು ಒಳಗಿನಿಂದಲೇ.

ಮಂದಿ ಸೇರಿದ್ದರು. ಚೆನ್ನವೀರ ಹಲ್ಲು ಕಿರಿಯುತ್ತಿದ್ದ. ನಾನು ಕೈ ಬೆನ್ನಿಗೆ ಕಟ್ಟಿಕೊಂಡೆ, ಹುಬ್ಬು ಗಂಟು ಹಾಕಿದೆ. ಕಾರು ಬೇಡ ಎಂದರೆ ಸಾಹುಕಾರರ ಮನಸ್ಸು ಮುರಿದು ಬಯಲು ಹೋಗುತ್ತದೆ. ಛಲೋ ಅದ ಎಂದು, ನಾಳೆ ಅದು ಕೆಟ್ಟು ನಿಂತರೂ ಬಯಲು ಹೋಗುತ್ತದೆ. ನನಗೆ ಬರುವ ವಿದ್ಯೆ ಒಂದೇ: ಆಟಗಾರನನ್ನು ಆರಿಸುವುದು. ದಮ್ಮು ನೋಡು, ಕಾಲು ನೋಡು, ನಿಲುವು ನೋಡು. ಬೇರೆ ದಾರಿ ಕಾಣದೆ ಅದನ್ನೇ ಶುರು ಮಾಡಿದೆ. ಬಗ್ಗಿ ಟೈರನ್ನು ಹುಡುಗರ ಮೀನಖಂಡ ಒತ್ತುವಂತೆ ಒತ್ತಿದೆ. ಎಂಜಿನ್ ಚಾಲೂ ಮಾಡಿಸಿ, ಅದರ ಮುಚ್ಚಳಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚಿದೆ. ಬಿಸಿಲಿಗೆ ಕಾದ ತಗಡು, ಕಿವಿ ಚುರ್ರೆಂದಿತು. ಇಷ್ಟು ಮಂದಿಯ ಮುಂದೆ ತಿಳಿದವನು ಥಟ್ಟನೆ ಕಿವಿ ಕಿತ್ತುಕೊಳ್ಳುವಂತಿಲ್ಲ. ಆದಷ್ಟು ತಡೆದು, ಮೆಲ್ಲಗೆ ಎದ್ದು, "ದಮ್ಮು ಭಾರಿ ಅದ. ಸುಮ್ಮ ಸುಮ್ಮನ ದಣಿಯೂ ಮಾಲ ಅಲ್ಲ ಇದು" ಎಂದೆ. ಗುಂಪು 'ಹೋ' ಎಂದಿತು. ಇಲ್ಲಿಯ ಮಂದಿಗೂ ಅಷ್ಟೇ, ಕಿವಿ ಕೆಂಪಾದವನ ಮಾತು ಎಂದರೆ ಬಲು ನಂಬಿಕೆ.

ಇನ್ನು ಐಬು. "ಹಾರ್ನ್ ಭಾಳ ಸಣ್ಣದು!" ಎಂದು ದೊಡ್ಡ ದನಿಯಲ್ಲಿ ಸಾರಿದೆ.

"ನವಾಬರ ಗಾಡಿಗಿ ಹಾರ್ನ್ ಯಾಕ ಬೇಕ್ರಿ? ಮಂದಿ ತಾವೇ ಸರೀತಿದ್ರು" ಎಂದ ಚೆನ್ನವೀರ.

"ಮ್ಯಾಲ ಟಪ್ ಇಲ್ಲ!"

"ಮಾಸ್ತರ ಆಗಿ ಹಿಂಗಂತೀರಲ್ರಿ? ಸ್ಪೋರ್ಟ್ಸಿಗಿ ಟಪ್ ಎಲ್ಲಿರ್ತದ್ರಿ? ನೀವು ಗ್ರೌಂಡಿಗಿ ಟಪ್ ಹಾಕಿಸ್ತೀರೇನು?"

ಮಂದಿ ನಕ್ಕರು. ಆ ನಗು ನನಗೆ ನೆತ್ತಿಗೇರಿತು. ಸರಿಯಾಗಿ ಆ ಗಳಿಗೆಯಲ್ಲಿ ಸಾಹುಕಾರರು ಕಾರಿನ ಅಂಚಿನ ಮೇಲಿಂದ ಕತ್ತು ಚಾಚಿ ನೆಲ ನೋಡಿದರು. ಜನ್ಮದಲ್ಲಿ ಅವರಿಗೆ ಬಂದ ಒಂದೇ ಒಂದು ಬುದ್ಧಿವಂತ ಅನುಮಾನ ಅಂದು ಬಂತು. "ಮಾಸ್ತರ, ಇದು ಜರಾ ಗಿಡ್ಡ ಆಯ್ತಲ್ರಿ?" ಎಂದರು.

ಹೌದ್ರಿ ಎಂದಿದ್ದರೆ ಮುಗಿಯುತ್ತಿತ್ತು. ಸಣ್ಣ ಐಬು, ದೊಡ್ಡ ದನಿ, ಚಹಾ, ಊರಿಗೆ ವಾಪಸು. ಆದರೆ ಚೆನ್ನವೀರ ನನ್ನ ಖಾತೆಗೇ ಕೈ ಹಾಕಿದ್ದನಲ್ಲ! "ಗಿಡ್ಡ ಅಲ್ರಿ ಸಾವುಕಾರ್ರ, ಅದು ನಿಲುವು! ಕಬಡ್ಡಿಯಾಗ ನೆಟ್ಟಗ ನಿಂತವ ಮೊದಲ ಬೀಳ್ತಾನ. ಬಗ್ಗಿ ನೆಲಕ್ಕ ಹತ್ತಿ ನಿಂತವಗ ಯಾರಿಗೂ ಎತ್ತಾಕ ಬರಂಗಿಲ್ಲ. ಇಡೀ ಗಾಡಿಯೊಳಗ ಛಲೋ ಇದ್ದದ್ದು ಇದೊಂದೇ ನೋಡ್ರಿ!" ಎಂದು ನಡು ರಸ್ತೆಯಲ್ಲಿ ಮೊಣಕಾಲು ಬಗ್ಗಿಸಿ, ತೊಡೆ ತಟ್ಟಿ, ನಿಂತು ತೋರಿಸಿದೆ. ಸಾಹುಕಾರರ ಅನುಮಾನ ಅಲ್ಲೇ ಸತ್ತಿತು, ವ್ಯಾಪಾರ ಕುದುರಿತು. ಚೆನ್ನವೀರ ಓಡಿ ಬಂದು ನನಗೆ ಸ್ಪೆಷಲ್ ಚಹಾ ತರಿಸಿದ.

ಡಾಂಬರು ರಸ್ತೆ ಇರುವವರೆಗೆ ಕಾರು ಮರ್ಯಾದೆಯಿಂದಲೇ ಬಂತು. ಚೆನ್ನವೀರ ನಡೆಸುತ್ತಿದ್ದ, ಸಾಹುಕಾರರು ಪಕ್ಕದಲ್ಲಿ ಒಂದು ಕೈಯಿಂದ ತಲೆಯ ರುಮಾಲು ಹಿಡಿದು ಕೂತಿದ್ದರು, ನಾನು ಹಿಂದೆ ಜೀಪಿನಲ್ಲಿ. ತನ್ನನ್ನು ಬಿಟ್ಟು ನನ್ನನ್ನು ಕೇಳಿದ ಸಿಟ್ಟನ್ನು ಜೀಪಿನ ಡ್ರೈವರು ದಾರಿಯುದ್ದಕ್ಕೂ ಗೇರಿನ ಮೇಲೆ ತೀರಿಸಿಕೊಂಡ. ಅಫಜಲಪುರ ದಾಟಿ ನಮ್ಮ ಹಳ್ಳಿಯ ರಸ್ತೆಗೆ ತಿರುಗಿದ್ದೇ ಕಥೆ ಬದಲಾಯಿತು. ಕಬ್ಬಿನ ಗಾಡಿಗಳು ಓಡಾಡಿ ಎರಡೂ ಕಡೆ ಆಳವಾದ ಜಾಡು, ನಡುವೆ ಗಟ್ಟಿಯಾದ ದಿಬ್ಬ. ಎರೆ ಮಣ್ಣು ಒಣಗಿದರೆ ಕಲ್ಲಿಗಿಂತ ಗಟ್ಟಿ. ಕಾರು ಜಾಡಿಗೆ ಇಳಿಯಿತು, ಹೊಟ್ಟೆ ದಿಬ್ಬದ ಮೇಲೆ ಕೂತಿತು, ಚಕ್ರಗಳು ಗಾಳಿಯಲ್ಲಿ ಗಿರಗಿರನೆ ತಿರುಗಿದವು. ನಾನು ಹೇಳಿದ್ದು ಅಕ್ಷರಶಃ ನಿಜವಾಯಿತು: ಯಾರಿಗೂ ಎತ್ತಲಾಗಲಿಲ್ಲ. ಕೊನೆಗೆ ಎತ್ತು ಹೂಡಿ ಎಳೆಸಿದರು. ಸಾಹುಕಾರರು ಇಳಿಯಲಿಲ್ಲ. ನವಾಬರ ಕಾರಿನಲ್ಲಿ ಕೂತು, ಎತ್ತಿನ ಬಾಲದ ಹಿಂದೆ, ಬಾಜಾ ಭಜಂತ್ರಿ ಒಂದಿಲ್ಲದ ಮೆರವಣಿಗೆಯಲ್ಲಿ ಊರು ಹೊಕ್ಕರು.

ರಾತ್ರಿ ನೀಲಮ್ಮ ನನ್ನ ಸುಟ್ಟ ಕಿವಿಗೆ ಬೆಣ್ಣೆ ಹಚ್ಚುತ್ತ ಎಲ್ಲ ಕೇಳಿಸಿಕೊಂಡಳು. "ಆ ಜಾಡಿನಾಗ ಸೈಕಲ್ ಹೆಗಲ ಮ್ಯಾಲ ಹೊತ್ತುಕೊಂಡು ದಿನಾ ದಾಟವ್ರು ಯಾರ್ರೀ?" ಎಂದಳು.

"ನಾನೇ."

"ಮತ್ತ ಕಾರಿನ ಐಬು ನೋಡಾಕ ಹೋದಾಗ ದಾರೀದು ನೆಪ್ಪಾಗಲಿಲ್ಲೇನು?"

ಬೆಣ್ಣೆ ಸಾಕು ಎಂದೆ.

ಬಯಲು ಹೋಯಿತು ಎಂದೇ ತಿಳಿದು ಮರುದಿನ ಶಾಲೆಗೆ ಹೋದರೆ ಸಾಹುಕಾರರು ನನ್ನ ಬೆನ್ನು ತಟ್ಟಿದರು. ಸಿಟ್ಟಿಲ್ಲ, ಸೆಡವಿಲ್ಲ. "ತಪ್ಪು ನಿಮ್ಮದಲ್ಲ ಮಾಸ್ತರ, ನಮ್ಮದೇ. ಸ್ಪೋರ್ಟ್ಸ್ ಕಾರ ರಸ್ತಾದ ಮ್ಯಾಲ ಯಾಕ ಓಡಬೇಕ್ರಿ? ಸ್ಪೋರ್ಟ್ಸ್ ಗ್ರೌಂಡಿನಾಗ ಓಡಬೇಕು! ಸುತ್ತ ಹತ್ತೂರಾಗ ನೀವು ಮಾಡಿದಷ್ಟು ಸಾಫ್ ಜಾಗ ಎಲ್ಲೂ ಇಲ್ಲ ನೋಡ್ರಿ" ಎಂದರು. ಹೆಡ್‌ಮಾಸ್ತರರು, "ಬರಾಬರಿ ಮಾತು" ಎಂದರು. ಆ ಮನುಷ್ಯನ ಗಂಟಲಲ್ಲಿ ಬೇರೆ ಶಬ್ದವೇ ಇಲ್ಲ.

ಸಾಹುಕಾರರು ಮಾತಿಗೆ ತಪ್ಪಲಿಲ್ಲ. ಬಯಲನ್ನು ಶಾಲೆಗೇ ಬಿಟ್ಟರು. 'ಕ್ರೀಡಾಂಗಣ' ಎಂದು ಬೋರ್ಡೂ ಬರೆಸಿದರು. ಖೋ ಖೋ ಕಂಬ ಕಿತ್ತರು. ಕಬಡ್ಡಿ ಅಂಕಣದ ನಡುವೆ ಕಾರಿಗೆ ತಗಡಿನ ಷೆಡ್ಡು ಎದ್ದಿತು. ಅಷ್ಟರಲ್ಲಿ ಅವರು ತಾವೇ ಗಾಡಿ ನಡೆಸಲು ಕಲಿತಿದ್ದರು. ಕಲಿತದ್ದು ಎಡಕ್ಕೆ ತಿರುಗಿಸುವುದೊಂದೇ, ಬಯಲಿಗೆ ಅಷ್ಟು ಸಾಕು. ಭೂಸನೂರಿನ ಬೀಗರು ಬಂದಾಗ ಅವರನ್ನು ಪಕ್ಕಕ್ಕೆ ಕೂಡಿಸಿಕೊಂಡು ಸುತ್ತಿದರು, ಸುತ್ತಿದರು, ಬೀಗರು ವಾಂತಿ ಮಾಡುವವರೆಗೆ ಸುತ್ತಿದರು. ಆಡು, ನಾಯಿ ಅಡ್ಡ ಬರದಂತೆ ಸೀಟಿ ಹಿಡಿದು ಮೂಲೆಯಲ್ಲಿ ನಿಲ್ಲುವುದು ಯಾರ ಖಾತೆ ಎಂದು ಬೇರೆ ಹೇಳಬೇಕಿಲ್ಲ.

ಡ್ರಿಲ್ ರಸ್ತೆಯ ಮೇಲೇ ಉಳಿಯಿತು. ಒಂದು ಸಂಜೆ ಹುಡುಗರು ಬೇಲಿಯ ಹೊರಗೆ ಸಾಲಾಗಿ ನಿಂತು, ತಾವು ಕಲ್ಲು ಆರಿಸಿದ ನೆಲದ ಮೇಲೆ ಏಳುತ್ತಿದ್ದ ಕೆಂಪು ಕಾರಿನ ಧೂಳು ನೋಡುತ್ತಿದ್ದರು.

"ಸರ್, ನಾವು ಒಳಗ ಯಾವಾಗ ಹೋಗೂದ್ರಿ?" ಎಂದು ಕೇಳಿದರು.

"ಆ ಕಾರ ದಣೀಲಿ, ಆಮ್ಯಾಲ" ಎಂದೆ.

ಹುಡುಗರು ತಲೆಯಾಡಿಸಿ ಅಲ್ಲೇ ಕುಕ್ಕರಗಾಲಲ್ಲಿ ಕೂತರು. ನಾನು ಕಿವಿ ಮುಟ್ಟಿ ನೋಡಿಕೊಂಡೆ. ಸುಮ್ಮ ಸುಮ್ಮನೆ ದಣಿಯುವ ಮಾಲಲ್ಲ ಅದು. ಜೇವರ್ಗಿಯಲ್ಲಿ ಅಷ್ಟು ಮಂದಿಯ ಮುಂದೆ ಕಿವಿ ಸುಟ್ಟುಕೊಂಡು ಹೇಳಿದವನು ನಾನೇ.