ಹತ್ತೊಂಬತ್ತು ನಂಬರ್ ಸಾಕೆಟ್ಟು

ಕೂತಲ್ಲಿ ಕೂರುವುದೂ ಒಂದು ವರ. ನನ್ನ ಪರಿಚಯದ ಕೆಲವರಿಗೆ ಅದು ದಕ್ಕಿದೆ. ಬಸ್ಸು ತಡವಾದರೆ ಅವರು ಪೇಪರ್ ಬಿಡಿಸಿ ಓದುತ್ತಾರೆ. ನಾನು ಬಸ್ಸು ಬರುವ ದಿಕ್ಕಿಗೆ ಸ್ವಲ್ಪ ದೂರ ನಡೆದು ನೋಡಿ ಬರುತ್ತೇನೆ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವನು ವಾಪಸು ಬಂದು ಬೀಗ ಜಗ್ಗಿ ನೋಡುತ್ತೇನೆ. ಇಂಥವನ ಮನೆಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬಂದರೆ ಏನಾಗಬೇಕೋ ಅದೇ ಆಯಿತು.

ಕಾರನ್ನು ಮಾಲೂರಿನವರೊಬ್ಬರಿಂದ ಕೊಂಡೆವು. ಕುರುಡುಮಲೆ ಗಣಪತಿಯ ಮುಂದೆ ನಿಲ್ಲಿಸಿ, ಚಕ್ರಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ ಕೋಲಾರದ ನಮ್ಮ ಮನೆಗೆ ತಂದೆವು. ನಾನು ಓಡಿಸಿದರೆ ಕಾಲು ಬ್ರೇಕಿನ ಮೇಲೆಯೇ ಇರುತ್ತದೆ, ಹಿಂದಿನ ಗಾಡಿಯವರು ನನ್ನ ವಂಶವನ್ನೆಲ್ಲ ನೆನೆಯುತ್ತಾರೆ. ಚೆನ್ನಾಗಿ ಕಲಿತವಳು ನನ್ನ ಹೆಂಡತಿ ಮಂಜುಳಾ. ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ, ಕಂಪನಿ ಬಸ್ಸಿಳಿದು, ನೇರ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತಳು. ಲೈಸೆನ್ಸ್ ಕೈಗೆ ಬಂದ ದಿನವೇ, "ರೀ, ಬರೋ ಭಾನುವಾರ ಬೈರಕೂರಿಗೆ ನಾನೊಬ್ಬಳೇ ಹೋಗ್ತೀನಿ" ಅಂದಳು.

ಬೈರಕೂರು ಅವಳ ತವರು, ಆಂಧ್ರದ ಗಡಿಯಲ್ಲಿ ಅಳಿಯನನ್ನು ಅಲ್ಲುಡುಗಾರು ಅನ್ನುವ ಊರು. ಅವಳ ಅಣ್ಣಂದಿರು ಮೀಸೆ ಮೂಡುವ ಮೊದಲೇ ಟ್ರ್ಯಾಕ್ಟರ್ ಓಡಿಸಿದವರು. ಇವಳು ಸ್ಟೀರಿಂಗ್ ಮುಟ್ಟಿದರೆ ನಮ್ಮ ಮಾವ, "ಹೆಣ್ಣುಮಗೂಗೆ ಇದ್ಯಾಕಮ್ಮಾ" ಎಂದು ಎತ್ತಿ ಕೆಳಗಿಳಿಸುತ್ತಿದ್ದರಂತೆ. ಆ ಕೋಪ ಅವಳಲ್ಲಿ ಇನ್ನೂ ಬಿಸಿಯಾಗಿಯೇ ಇದೆ. "ನೀವು ಪಕ್ಕದಲ್ಲಿ ಕೂತ್ರೆ ಅಳಿಯಂದ್ರೇ ಹೇಳ್ಕೊಟ್ಟು ಓಡಿಸಿದ್ರು ಅಂತಾರೆ. ನಾನೊಬ್ಬಳೇ ಹೋಗಿ ಅಪ್ಪನ ಮುಂದೆ ಗಾಡಿ ನಿಲ್ಲಿಸ್ಬೇಕು" ಅಂದಳು. ನೇರ ಬೇಡ ಅನ್ನುವ ಧೈರ್ಯವಿಲ್ಲದೆ ಸುತ್ತುದಾರಿ ಹಿಡಿದೆ.

"ದಾರೀಲಿ ಪಂಚರ್ ಆದ್ರೆ?" ಅಂದೆ.

"ಸ್ಟೆಪ್ನಿ ಹಾಕ್ಕೊಳ್ತೀನಿ. ಹೆಂಗಂತ ತೋರಿಸಿ."

ತೋರಿಸಲು ಹೋದರೆ ಡಿಕ್ಕಿಯಲ್ಲಿದ್ದ ಸ್ಪ್ಯಾನರ್ ಚಕ್ರದ ನಟ್ಟಿನ ಮೇಲೆ ಸುಮ್ಮನೆ ಗರಗರ ಸುತ್ತಿತು. ಹಳೆಯ ಯಜಮಾನರು ಚಂದಕ್ಕೆಂದು ಬೇರೆ ಚಕ್ರ ಹಾಕಿಸಿದ್ದರು, ಅದರ ಜೊತೆ ನಟ್ಟುಗಳೂ ಬದಲಾಗಿದ್ದವು, ಸ್ಪ್ಯಾನರ್ ಮಾತ್ರ ಹಳೆಯದೇ ಉಳಿದಿತ್ತು. ನನಗೆ ಒಳಗೊಳಗೇ ಎಂಥ ಸಮಾಧಾನವಾಯಿತೆಂದರೆ, ಮುಖದಲ್ಲಿ ಕಾಣದಿರಲೆಂದು ಡಿಕ್ಕಿಯೊಳಗೆ ತಲೆ ಹಾಕಿಕೊಂಡೇ ಮಾತಾಡಿದೆ. "ಈ ನಟ್ಟು ಬಿಚ್ಚೋ ಸರಿಯಾದ ಸಾಕೆಟ್ ಸಿಗೋವರ್ಗೂ ಹೋಗೋದು ಬೇಡ."

"ಹುಡುಕಿ. ಸಿಕ್ಕರೂ ಭಾನುವಾರ ಹೋಗ್ತೀನಿ, ಸಿಗದಿದ್ರೂ ಹೋಗ್ತೀನಿ" ಅಂದಳು ಮಂಜುಳಾ. ಹಾಗೆಂದ ಮೇಲೆ ಹುಡುಕದೆ ನನಗೆ ಗತಿಯಿರಲಿಲ್ಲ.

ಬ್ಲೌಸಿನ ಅಳತೆಯ ಟೇಪನ್ನು ನಟ್ಟಿನ ಸುತ್ತ ಹೇಗೋ ತೂರಿಸಿ ಸುತ್ತಿ, ಬಂದ ಅಂಕಿಯನ್ನು ಕೋಲಾರದ ಅಂಗಡಿಯಲ್ಲಿ ಹೇಳಿದೆ. ಅಂಗಡಿಯವರು ನನ್ನನ್ನೇ ನೋಡಿದರು. "ಸಾರ್, ನೀವು ಹೇಳ್ತಿರೋದು ಸೊಂಟದ ಸುತ್ತಳತೆ. ನಮಗೆ ಈ ಕಡೆಯಿಂದ ಆ ಕಡೆಗೆ ಎಷ್ಟು ಅಂತ ಬೇಕು." ಆಮೇಲೆ ಕನಿಕರಪಟ್ಟು ಹದಿನೇಳು, ಇಪ್ಪತ್ತೊಂದು ಎರಡನ್ನೂ ಕೊಟ್ಟರು. ಹದಿನೇಳು ನಟ್ಟಿನ ಮೇಲೆ ಕೂರಲಿಲ್ಲ. ಇಪ್ಪತ್ತೊಂದು ಸುತ್ತಿತು. ಹಾಗಾದರೆ ಹತ್ತೊಂಬತ್ತೇ ಇರಬೇಕೆಂದು, ನಾನು ಪಾಠ ಹೇಳುವ ಶ್ರೀನಿವಾಸಪುರದಲ್ಲಿ ಒಂದು ಹತ್ತೊಂಬತ್ತನ್ನು ಸಂಪಾದಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಅದೂ ಆಗಲಿಲ್ಲ. ಈ ಚಕ್ರದಲ್ಲಿ ನಟ್ಟುಗಳು ಒಳಗೆ ಕಿರಿದಾದ ಗುಂಡಿಯಲ್ಲಿ ಅಡಗಿ ಕೂತಿವೆ. ಈ ಸಾಕೆಟ್ಟಿನ ಬಾಯಿ ಸರಿಯಾಗಿದ್ದರೂ ಮೈ ಆ ಇಪ್ಪತ್ತೊಂದಕ್ಕಿಂತಲೂ ದಪ್ಪ, ಗುಂಡಿಗೆ ಇಳಿಯುತ್ತಿಲ್ಲ.

"ನಿಮ್ಮ ಮದುವೆ ಪ್ಯಾಂಟಿನ ಥರ" ಅಂದಳು ಮಂಜುಳಾ.

ಹಳೆಯ ಯಜಮಾನರಿಗೆ ಫೋನು ಮಾಡಿದೆ. "ನಾನು ಯಾವತ್ತೂ ಬಿಚ್ಚೇ ಇಲ್ಲ ಸಾರ್. ಏನೋ ದೇವರ ದಯ, ಪಂಚರೇ ಆಗ್ಲಿಲ್ಲ" ಅಂದರು. ಎಂಥ ನಿಶ್ಚಿಂತ ಜೀವ. ನನಗೆ ಹೊಟ್ಟೆಕಿಚ್ಚಾಯಿತು. ಶನಿವಾರ ಶಾಲೆ ಬಿಟ್ಟವನೇ ಅವರ ಮಾಲೂರಿಗೇ ಹೋಗಿ, ಅಂಗಡಿ ಅಂಗಡಿ ಅಲೆದು, ತೆಳುಮೈಯ ಹತ್ತೊಂಬತ್ತನ್ನು ಹಿಡಿದು ತಂದೆ. ಅದು ಸದ್ದಿಲ್ಲದೆ ಗುಂಡಿಗಿಳಿದು ನಟ್ಟನ್ನು ಕಚ್ಚಿತು. ಮಂಜುಳಾ ಸೆರಗು ಸಿಕ್ಕಿಸಿ, ಸಾಕೆಟ್ಟಿನ ಹಿಡಿಯ ಮೇಲೆ ಕಾಲಿಟ್ಟು ತುಳಿದು, ಜಾಕಿಯಿಂದ ಗಾಡಿ ಎತ್ತಿ, ಚಕ್ರ ಬಿಚ್ಚಿ ಮತ್ತೆ ಹಾಕಿದಳು. ನಾನು ಪಕ್ಕದಲ್ಲಿ ನಿಂತು ಹುಷಾರು, ಹುಷಾರು ಅನ್ನುತ್ತಿದ್ದೆ. ಇಷ್ಟು ಕಷ್ಟಪಟ್ಟು ಸಿಕ್ಕಿದ್ದು ತುಕ್ಕು ಹಿಡಿಯಬಾರದಲ್ಲ. ಕೊಬ್ಬರಿ ಎಣ್ಣೆ ಸವರಿ, ಹಳೇ ಬನಿಯನ್ನಿನಲ್ಲಿ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಭಾನುವಾರ ಬೆಳಿಗ್ಗೆ ಅವಳು ಹೊರಟಳು. ಕೈ ಬೀಸಿ ಒಳಗೆ ಬಂದು, ಕೂತು, ಎದ್ದು, ಮತ್ತೆ ಕೂತು, ಬನಿಯನ್ ಹಾಕಿಕೊಳ್ಳೋಣವೆಂದು ಬೀರು ತೆಗೆದೆ. ಸಾಕೆಟ್ಟು ಅಲ್ಲೇ ಇತ್ತು. ಗಾಡಿ ಓಡಿಸುವಾಗ ಫೋನ್ ಎತ್ತಬಾರದೆಂದು ಆಣೆ ಹಾಕಿಸಿಕೊಂಡವನು ನಾನೇ. ಸಾಕೆಟ್ಟನ್ನು ಜೇಬಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದೆ. ದಾರಿಯಲ್ಲಿ ರಸ್ತೆ ಪಕ್ಕ ನಮ್ಮದರಂಥ ಬಿಳಿ ಕಾರು ನಿಂತಿದ್ದು ಕಂಡಾಗಲೆಲ್ಲ ನಿಧಾನಿಸಿ ಇಣುಕುತ್ತಿದ್ದೆ. ಒಂದರಲ್ಲಿ ಯಾರೋ ಕಲ್ಲಂಗಡಿ ತಿನ್ನುತ್ತಿದ್ದರು. ಮುಳಬಾಗಿಲು ತಲುಪುವ ಹೊತ್ತಿಗೆ ನಮ್ಮ ಗಾಡಿ ದೂರದಲ್ಲಿ ಕಂಡಿತು. ಅಡ್ಡ ಹಾಕಿ ಕೊಟ್ಟುಬಿಡಬಹುದಿತ್ತು. ಆದರೆ ಅವಳು ಎಷ್ಟು ನೆಟ್ಟಗೆ ಹೋಗುತ್ತಿದ್ದಳೆಂದರೆ, ಅಡ್ಡ ಹಾಕಲು ಮನಸ್ಸು ಬರಲಿಲ್ಲ.

ಬೈರಕೂರಿನ ಹೊರಗೆ ಹುಣಸೆಮರದ ಕೆಳಗೆ ಸ್ಕೂಟರ್ ನಿಲ್ಲಿಸಿದೆ. ಅಲ್ಲಿಂದ ಮಾವನ ಮನೆ ಕಾಣುತ್ತದೆ. ಕಾರಿನ ಸುತ್ತ ಜನ ಸೇರಿದ್ದರು. ಮಾವ ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಮಂಜುಳಾ ಅವರನ್ನು ಕೂರಿಸಿಕೊಂಡು ಊರು ಸುತ್ತಲು ಹೊರಟಳು. ನನಗೆ ಕಣ್ಣು ತುಂಬಿ ಬಂತು. ಈಗ ನಾನು ಆ ಬೀದಿಗೆ ಕಾಲಿಟ್ಟರೆ, ಅಳಿಯ ಹಿಂದೆಯೇ ಬಂದಿದ್ದ ಎಂಬ ಮಾತಾಗಿಬಿಡುತ್ತದೆ. ಸ್ಕೂಟರ್ ತಿರುಗಿಸಿದೆ.

ಸಂಜೆ ಅವಳು ಬಂದಳು. ಮುಖ ಅರಳಿತ್ತು. "ಒಬ್ಬಳೇ ಹೋಗಿ ಒಬ್ಬಳೇ ಬಂದೆ ಕಣ್ರೀ. ಅಪ್ಪ ಊರೆಲ್ಲ ಹೇಳ್ಕೊಂಡು ಬಂದ್ರು" ಅಂದಳು.

"ಭೇಷ್" ಅಂದೆ. "ನಾನಿಲ್ಲಿ ಮನೇಲೇ ಆರಾಮಾಗಿ ಮಲ್ಕೊಂಡಿದ್ದೆ."

"ಹೌದಾ? ಮುಳಬಾಗ್ಲಿಂದ ಕನ್ನಡೀಲಿ ನಿಮ್ಮ ಸ್ಕೂಟರ್ ನೋಡ್ಕೊಂಡೇ ಹೋದೆ. ಹುಣಸೆಮರದ ಕೆಳಗೆ ನಿಂತಿದ್ದನ್ನ ಅಪ್ಪನೂ ನೋಡಿದ್ರು. 'ಅಲ್ಲುಡುಗಾರು ಊಟನೂ ಮಾಡ್ದೆ ಹೋಗ್ತಾವ್ರೆ, ಕರೀಲೇನಮ್ಮಾ' ಅಂದ್ರು."

"ನೀನೇನಂದೆ?"

"ಬೇಡ ಬಿಡಪ್ಪಾ, ಅವರು ಬಂದಿಲ್ಲ ಅಂದೆ. 'ಹೌದಮ್ಮಾ, ನಾನೂ ಯಾರನ್ನೂ ನೋಡ್ಲಿಲ್ಲ' ಅಂದ್ರು."

ಆಮೇಲೆ, ಡಿಕ್ಕಿಯಲ್ಲಿ ಸಾಕೆಟ್ಟಿಲ್ಲದ್ದನ್ನೂ ಕಂಡವಳಂತೆ, ಕೈ ಚಾಚಿದಳು. ನಾನು ಜೇಬಿನಿಂದ ಸಾಕೆಟ್ಟು ತೆಗೆದುಕೊಟ್ಟೆ. ಈಗ ಅದು ಡಿಕ್ಕಿಯಲ್ಲಿದೆ, ಡಿಕ್ಕಿಯ ಕೀಲಿ ಅವಳ ಬಳಿಯಿದೆ. ಬರುವ ಭಾನುವಾರ ಅವಳು ತಿರುಪತಿಗೆ ಹೋಗುತ್ತಾಳಂತೆ, ಒಬ್ಬಳೇ. ಹೋಗಲಿ, ನನಗೇನೂ ಚಿಂತೆಯಿಲ್ಲ. ಆ ಜಾಕಿಯ ಮೇಲೆ ಮಾತ್ರ ಸ್ವಲ್ಪ ಅನುಮಾನ.